ಬರೀ ತೊಟ್ಟಿಲು ಕೊಡಬಾರದು

ಜಾವಳಿ

ನ್ಯೂಜಿಲೆಂಡಿಗೆ ಹೋಗಿ ಬಂದವರು ಹಿಮದ ಶಿಖರದಿಂದಲೋ ನೀಲಿ ಸರೋವರದಿಂದಲೋ ಕಥೆ ಶುರು ಮಾಡುತ್ತಾರೆ. ನನಗೆ ಆ ಭಾಗ್ಯವಿಲ್ಲ. ನಾನು ನಮ್ಮ ಗೋಡೌನಿನ ಇಲಿಯಿಂದ ಶುರು ಮಾಡಬೇಕು.

ನಾಲ್ಕು ವರ್ಷದ ಹಿಂದೆ, ಮೇ ತಿಂಗಳ ಕೊನೆಗೆ, ಹೆಲೆನ್ ಮತ್ತು ಪೀಟ್ ಎಂಬ ನ್ಯೂಜಿಲೆಂಡಿನ ಗಂಡ ಹೆಂಡತಿ ಜಾವಳಿಯ ನಮ್ಮ ಹೋಂಸ್ಟೇಗೆ ಬಂದಿದ್ದರು. ಹೋಂಸ್ಟೇ ಎಂದರೆ ಎರಡು ರೂಮು, ಒಂದು ಜಗಲಿ ಮತ್ತು ನಮ್ಮ ಅತ್ತೆ. ಆ ದಂಪತಿಯ ಜೊತೆ ಮೂರು ವರ್ಷ ತುಂಬುತ್ತಿದ್ದ ಮಗ ಟಾಮ್ ಇದ್ದ. ಅವನನ್ನು ಅವರು ಎತ್ತಿಕೊಳ್ಳುತ್ತಿರಲಿಲ್ಲ, ಹೊರುತ್ತಿದ್ದರು. ಅಲ್ಯುಮಿನಿಯಂ ಚೌಕಟ್ಟು, ನಡುವೆ ಮಗುವಿಗೆ ಸೀಟು, ಹೊರುವವರಿಗೆ ಅಗಲವಾದ ಹೆಗಲುಪಟ್ಟಿ, ಸೊಂಟಕ್ಕೊಂದು ಬೆಲ್ಟು, ಮೇಲೆ ಬಿಸಿಲು ತಡೆಯಲು ಪುಟ್ಟ ಸೂರಿನಂಥ ಮಾಡು, ಸುತ್ತಲೂ ಏಳೆಂಟು ಜೇಬು. ಪೀಟ್ ಅದರಲ್ಲಿ ಟಾಮ್‌ನನ್ನು ಕೂರಿಸಿಕೊಂಡು ಕಳಸದ ಕಡೆಯ ಗುಡ್ಡಗಳನ್ನೆಲ್ಲ ಹತ್ತಿ ಇಳಿದ. ಅತ್ತೆ ಮೊದಲ ದಿನವೇ ಅದಕ್ಕೆ ಹೆಸರಿಟ್ಟರು: ಬೆನ್ನುತೊಟ್ಟಿಲು.

ನಾನಾಗ ಏಳು ತಿಂಗಳ ಬಸುರಿ. ಹೊರಡುವ ದಿನ ಹೆಲೆನ್ ಬೆನ್ನುತೊಟ್ಟಿಲನ್ನು ಜಗಲಿಯ ಮೇಲಿಟ್ಟು, ಟಾಮ್ ಇನ್ನು ನಡೆಯುತ್ತಾನೆ, ನಿನ್ನ ಮಗುವಿಗೆ ಬಳಸು, ನಮಗೆ ಇನ್ನೊಂದು ಮಗುವಾದರೆ ಬೇಕಾಗುತ್ತದೆ, ಆಗ ನೀನೇ ತಂದುಕೊಡು, ನಮ್ಮ ಊರನ್ನೂ ನೋಡಿದ ಹಾಗಾಗುತ್ತದೆ ಎಂದಳು. ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ನ್ಯೂಜಿಲೆಂಡ್ ಎಂದರೆ ಪಕ್ಕದ ಕೊಟ್ಟಿಗೆಹಾರದ ಆಚೆ ಎಂಬಂತೆ ಅತ್ತೆ ತಲೆಯಾಡಿಸಿದರು.

"ಕೊಡಾಣ ಬಿಡು. ಆದ್ರೆ ಬರಿದಾಗಿ ಕೊಡ್ಬಾರ್ದು ಮತ್ತೆ. ಇದು ಬಟ್ಲಲ್ಲ, ತೊಟ್ಲು. ಬರೀ ತೊಟ್ಲು ತೂಗ್ಬಾರ್ದು, ಕೊಡ್ಲೂಬಾರ್ದು."

ಇದು ನಮ್ಮ ಕಡೆಯ ಪದ್ಧತಿ. ಪಕ್ಕದ ಮನೆಯಿಂದ ಒಂದು ಬಟ್ಟಲು ಕಳಲೆ ಪಲ್ಯ ಬಂದರೆ ಆ ಬಟ್ಟಲು ಖಾಲಿಯಾಗಿ ವಾಪಸ್ ಹೋಗುವುದಿಲ್ಲ. ಏನೂ ಇಲ್ಲದಿದ್ದರೆ ಹಿತ್ತಲ ನಾಲ್ಕು ಹಸಿಮೆಣಸಾದರೂ ಅದರಲ್ಲಿರಬೇಕು. ಅದೂ ಮನೆಯದ್ದೇ ಆಗಬೇಕು. ಅಂಗಡಿಯಿಂದ ತಂದು ತುಂಬಿಸಿದ್ದನ್ನು ಅತ್ತೆ ತುಂಬಿಸಿದ್ದು ಎಂದು ಒಪ್ಪುವುದಿಲ್ಲ.

ನನ್ನ ಮಗಳು ಅವನಿ ಹುಟ್ಟಿದಳು. ಅವಳು ಕೂರಲು ಕಲಿಯುವಷ್ಟರಲ್ಲಿ ಬೆನ್ನುತೊಟ್ಟಿಲಿಗೆ ಒಂದು ಮಳೆಗಾಲ ಕಳೆದು ಬಿಳೀ ಬೂಷ್ಟು ಹಿಡಿದಿತ್ತು. ತೊಳೆದು ಒಣಗಿಸಿದ ಮೇಲೆ ಅತ್ತೆ ಅದನ್ನು ಬಚ್ಚಲೊಲೆಯ ಮೇಲಿನ ಅಟ್ಟಕ್ಕೇರಿಸಿದರು. ಕಂಬಳಿ, ಬೀಜಕ್ಕಿಟ್ಟ ಸೌತೆಕಾಯಿ, ಮಳೆಗಾಲದಲ್ಲಿ ಉಳಿಯಬೇಕಾದ್ದೆಲ್ಲ ಅಲ್ಲೇ ಹೊಗೆ ಕುಡಿಯುತ್ತ ಇರುವುದು. ಬೂಷ್ಟು ಹೋಯಿತು, ಹೊಗೆ ಉಳಿಯಿತು. ಅವನಿಯನ್ನು ಅದರಲ್ಲಿ ಕೂರಿಸಿಕೊಂಡು ಕಾಫಿತೋಟಕ್ಕಿಳಿದರೆ ಹಣ್ಣು ಕೊಯ್ಯುವವರು "ಅಕ್ಕ, ಎಲ್ಲೋ ಬೆಂಕಿ ಬಿದ್ದಂಗಿದೆ" ಎಂದು ಸುತ್ತ ನೋಡುತ್ತಿದ್ದರು.

ಆದರೂ ಆ ಮೂರು ವರ್ಷ ನನ್ನ ಬೆನ್ನು ಖಾಲಿಯಿರಲಿಲ್ಲ. ಕಳಸದ ಹತ್ತಿರದ ನನ್ನ ತವರಿಗೆ ಬಸ್ಸಿಳಿದು ಒಂದು ಗುಡ್ಡ ಹತ್ತಬೇಕು. ಹತ್ತುವಾಗ ಆಗಾಗ ಕೈ ಹಿಂದಕ್ಕೆ ಚಾಚಿ ಅವಳ ಪಾದ ಮುಟ್ಟಿ ನೋಡುವುದು ನನಗೆ ರೂಢಿಯಾಯಿತು. ಪಾದ ತಣ್ಣಗಿದ್ದರೆ ಕಾಲುಚೀಲ ಹಾಕು, ಬೆಚ್ಚಗಿದ್ದರೆ ನಿದ್ದೆ ಬಂದಿದೆ ಎಂದರ್ಥ. ಅವಳು ಬೇಕೆಂದೇ ಬೆರಳಾಡಿಸಿ ಕಚಗುಳಿ ಮಾಡುತ್ತಿದ್ದಳು.

ಇನ್ನು ಇಲಿ. ಕಳೆದ ವರ್ಷ ಅವನಿ ನಡೆಯಲು ಹಟ ಮಾಡತೊಡಗಿದ ಮೇಲೆ ಬೆನ್ನುತೊಟ್ಟಿಲನ್ನು ನಾನು ಗೋಡೌನಿನಲ್ಲಿ, ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳ ಮೇಲಿಟ್ಟೆ. ಅತ್ತೆ ಬೇಡವೆಂದರು. ನಾನು, ಹೊಗೆವಾಸನೆ ಹೋಗಲಿ, ಅಲ್ಲಿ ಗಾಳಿಯಾಡುತ್ತದೆ ಎಂದು ವಾದಿಸಿದೆ. ಎಡ ಹೆಗಲುಪಟ್ಟಿಗೆ ಅವನಿ ಎಂದೋ ಮೆತ್ತಿದ್ದ ಬಾಳೆಹಣ್ಣಿತ್ತು. ಇಲಿ ಬಾಳೆಹಣ್ಣನ್ನು ತಿಂದಿತು, ಅದರ ಜೊತೆ ಪಟ್ಟಿಯನ್ನೂ.

ಅದೇ ವಾರ ಹೆಲೆನ್‌ಳ ಪತ್ರ ಬಂತು. ಎರಡನೆಯ ಮಗು ರೂಬಿಗೆ ಏಪ್ರಿಲ್‌ಗೆ ಹತ್ತು ತಿಂಗಳು. ಮನೆಯ ಹಿಂದೆ ಗುಡ್ಡವಿದೆ, ದಿನಾ ಕಿಟಕಿಯಿಂದ ತೋರಿಸುತ್ತೇನೆ, ನೀನು ಬೆನ್ನುತೊಟ್ಟಿಲು ತಂದ ದಿನ ಕರೆದುಕೊಂಡು ಹೋಗುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೇನೆ ಎಂದು ಬರೆದಿದ್ದಳು.

ಒಡೆದದ್ದು ಲೋಟವಾಗಿದ್ದರೆ ಇನ್ನೊಂದು ಕೊಡಬಹುದು. ಇದರಲ್ಲಿ ಇನ್ನೊಬ್ಬಳ ಹಸುಗೂಸು ಕೂರಬೇಕು.

ಮೂಡಿಗೆರೆ

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದೆ ಜೀಪಿನ ಸೀಟು, ಟಾರ್ಪಾಲು ಹೊಲಿಯುವ ಶೇಖರನ ಅಂಗಡಿ ಇದೆ. ಸುತ್ತಲಿನ ಎಸ್ಟೇಟ್ ಜೀಪುಗಳ ಮೇಲ್ಭಾಗವೆಲ್ಲ ಅವನ ಕೈಯಿಂದ ಆದದ್ದು. ಬೆನ್ನುತೊಟ್ಟಿಲನ್ನು ಅವನು ತಿರುಗಿಸಿ ಮುರುಗಿಸಿ ನೋಡಿ, ತಾನೊಮ್ಮೆ ಹಾಕಿಕೊಂಡು, ರಸ್ತೆಯವರೆಗೂ ಹೋಗಿ ಬಂದ.

"ಎಂತ ಮಾಡ್ಬೇಕು ಹೇಳಿ ಅಕ್ಕ."

"ಗೊತ್ತಾಗ್ಬಾರ್ದು. ಹೊಸದು ಹಾಕಿದ್ದು ಅಂತ ಯಾರಿಗೂ ಗೊತ್ತಾಗ್ಬಾರ್ದು."

"ಗಟ್ಟಿ ಇರ್ಬೇಕಾ, ಗೊತ್ತಾಗ್ಬಾರ್ದಾ?"

"ಎರಡೂ ಮಾರಾಯ."

ಎರಡು ದಿನ ಬಿಟ್ಟು ಹೋದರೆ ಪಟ್ಟಿ ಗಟ್ಟಿಯಾಗಿತ್ತು. ಜೀಪಿನ ಸೀಟ್‌ಬೆಲ್ಟಿನ ಪಟ್ಟಿಯನ್ನು ಮಡಚಿ, ಒಳಗೆ ಸ್ಪಂಜಿಟ್ಟು, ಮೇಲೆ ಬೂದು ರೆಕ್ಸಿನ್ ಹೊದಿಸಿದ್ದ. ಬಕಲ್ಲನ್ನೂ ಜೀಪಿನದ್ದೇ ಕಬ್ಬಿಣದ್ದು ಹಾಕಿದ್ದ. ಆದರೆ ಬೂದು ದಾರ ಇರಲಿಲ್ಲವಂತೆ, ಅರಿಶಿನದ ಬಣ್ಣದ ದಾರದಲ್ಲಿ ಹೊಲಿದಿದ್ದ. ಅಷ್ಟು ಸಾಲದೆಂದು ಪಟ್ಟಿಯ ನಟ್ಟನಡುವೆ, ಎಲ್ಲ ಜೀಪ್ ಸೀಟಿಗೂ ಹಾಕುವಂತೆ, ಒಂದು ಐದು ಎಸಳಿನ ಹೂವು ಹೊಲಿದಿದ್ದ.

"ಇದೆಂತ ಶೇಖರ?"

"ಬರೀ ಹೊಲಿಗೆ ಚಂದ ಕಾಣಲ್ಲ ಅಕ್ಕ. ಈ ಬೆಲ್ಟಿಗೆ ಹಗ್ಗ ಕಟ್ಟಿ ಜೀಪೇ ಎಳೀಬಹುದು, ಮಗು ಯಾವ ಲೆಕ್ಕ. ತಗೊಳ್ಳಿ, ಇನ್ನೊಂದು ಬಕಲ್ಲು ಇಟ್ಕೊಳ್ಳಿ, ಬೇಕಾಗ್ತದೆ."

ಬೇಡವೆಂದರೂ ಆ ಬಕಲ್ಲನ್ನು ನನ್ನ ಕೈಚೀಲಕ್ಕೆ ಹಾಕಿದ. ಮನೆಗೆ ಬಂದು ನಾನು ಮಾಡಿದ ಕೆಲಸ ಹೇಳಲು ಈಗಲೂ ನಾಚಿಕೆಯಾಗುತ್ತದೆ. ಅವನಿಯ ಕಪ್ಪು ಸ್ಕೆಚ್‌ಪೆನ್ ತೆಗೆದುಕೊಂಡು, ಜಗಲಿಯಲ್ಲಿ ಕೂತು, ಆ ಹಳದಿ ಹೊಲಿಗೆಯ ಒಂದೊಂದೇ ಟಾಕಿಗೆ ಬಣ್ಣ ಬಳಿದೆ. ಹೂವಿಗೂ ಬಳಿದೆ. ದೂರದಿಂದ ನೋಡಿದರೆ ಒಂದು ದೊಡ್ಡ ಜೇಡ ಕೂತಂತಿತ್ತು, ಆದರೆ ಹೆಲೆನ್ ದೂರದಿಂದ ನೋಡುತ್ತಾಳೆಂದು ಯಾಕಂದುಕೊಂಡೆನೋ ಕಾಣೆ.

ಗೋಣಿಯ ಪಯಣ

ಇಂಥ ವಸ್ತುವನ್ನು ವಿಮಾನಕ್ಕೆ ಹಾಕುವಾಗ ಪಟ್ಟಿಗಳು ಜೋತಾಡಬಾರದು, ಸಾಮಾನು ಸಾಗಿಸುವ ಬೆಲ್ಟಿಗೆ ಸಿಕ್ಕಿ ಹರಿಯುತ್ತವೆ ಎಂದು ಹೆಲೆನ್ ಬರೆದಿದ್ದಳು. ನಮಗೆ ಗೊತ್ತಿರುವ ಪ್ಯಾಕಿಂಗ್ ಒಂದೇ. ಎರಡು ಪಾರ್ಚ್‌ಮೆಂಟ್ ಗೋಣಿಗಳನ್ನು ಬಿಚ್ಚಿ ಜೋಡಿಸಿ, ಬೆನ್ನುತೊಟ್ಟಿಲನ್ನು ಒಳಗಿಟ್ಟು, ಗೋಣಿ ಹೊಲಿಯುವ ದಬ್ಬಳದಿಂದ ಬಾಯಿ ಹೊಲಿದೆ. ದಬ್ಬಳವೆಂದರೆ ನನ್ನ ಗೇಣುದ್ದದ ಸೂಜಿ. ಮದುವೆಯಾಗಿ ಬಂದ ವರ್ಷವೇ ಅತ್ತೆ ಕಲಿಸಿದ ಹೊಲಿಗೆ ಅದು, ಎರಡು ಟಾಕಿಗೊಂದು ಗಂಟು, ಮೂಟೆಯನ್ನು ಲಾರಿಯಿಂದ ಎಸೆದರೂ ಬಾಯಿ ಬಿಡುವುದಿಲ್ಲ. ಹೊಲಿಯುವ ಮೊದಲು ಜೇಬುಗಳಲ್ಲಿ ಎರಡು ಪ್ಯಾಕೆಟ್ ನಮ್ಮದೇ ಕಾಫಿಪುಡಿ ಇಟ್ಟಿದ್ದೆ. ಬರಿದಾಗಿ ಕೊಟ್ಟೆವೆಂಬ ಮಾತು ಬರಬಾರದಲ್ಲ.

ತೋಟದಲ್ಲಿ ಹೂವಿನ ಹೊತ್ತು, ಸ್ಪ್ರಿಂಕ್ಲರ್ ಬಿಟ್ಟು ಗಂಡ ಕದಲುವಂತಿರಲಿಲ್ಲ. ಹೀಗಾಗಿ ಹೊರಟವರು ನಾನು, ಅವನಿ ಮತ್ತು ಗೋಣಿ. ಬೆಂಗಳೂರು ಬಸ್ಸಿನಲ್ಲಿ ಪಕ್ಕದ ಸೀಟಿಗೆ ಆಲ್ದೂರಿನ ಕಾಫಿ ವ್ಯಾಪಾರಿಯೊಬ್ಬರು ಸಿಕ್ಕರು. ಗೋಣಿಯನ್ನೇ ನೋಡುತ್ತಿದ್ದವರು ಕೊನೆಗೆ ತಡೆಯಲಾರದೆ, "ಪಾರ್ಚ್‌ಮೆಂಟ್ ಬೆಂಗಳೂರಿಗ್ಯಾಕೆ ತಗೊಂಡು ಹೋಗ್ತಿದೀರ? ನಮ್ಮ ಕಡೆ ಕೊಳ್ಳೋರು ಇಲ್ವಾ?" ಎಂದರು. ಇದು ಮಗು ಕೂರಿಸುವುದು ಎಂದೆ. ಅವರು ಗೋಣಿಯನ್ನೂ ಅವನಿಯನ್ನೂ ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿ ಕೂತರು.

ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಗೋಣಿಯ ಮೇಲಿನ ಕಪ್ಪು ಅಕ್ಷರ ಓದಿ, ಒಳಗೇನಿದೆ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅವನಿ, "ಅದ್ರೊಳಗೆ ನಾನಿರ್ತಿದ್ದೆ" ಎಂದಳು. ಹುಡುಗಿ ನನ್ನ ಮುಖ ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ. ಎರಡು ಬಾರಿ ಸ್ಕ್ಯಾನ್ ಆಯಿತು.

ಎರಡು ವಿಮಾನ, ನಡುವೆ ಒಂದು ದೊಡ್ಡ ನಿಲ್ದಾಣದಲ್ಲಿ ಏಳು ಗಂಟೆ ಕಾಯುವುದು. ಅಲ್ಲಿ ಮಗಳಿಗೆ ಕಾಲು ನೋಯತೊಡಗಿತು. ಬೆನ್ನುತೊಟ್ಟಿಲಲ್ಲಿ ಕೂರಿಸು ಎಂದು ಅಳು. ಅದು ವಿಮಾನದ ಹೊಟ್ಟೆಯಲ್ಲಿದೆ ಎಂದೆ. ಮಗು ಹೊರಲೆಂದೇ ಹುಟ್ಟಿದ ವಸ್ತು ಗೋಣಿ ಹೊದ್ದು ಆರಾಮಾಗಿ ಮಲಗಿ ಪಯಣಿಸುತ್ತಿತ್ತು, ಮಗು ನನ್ನ ಸೊಂಟದ ಮೇಲಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕೈಗವಸಿನ ಮನುಷ್ಯ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಇಳಿದಾಗ ಬೆಳಿಗ್ಗೆ. ಆ ದೇಶದವರಿಗೆ ಕಳ್ಳಸಾಗಣೆಗಿಂತ ಹೆಚ್ಚಿನ ಭಯ ಮಣ್ಣಿನದು. ಹೊರಗಿನ ಒಂದು ಬೀಜ, ಒಂದು ಹುಳ ಒಳಗೆ ಬರಬಾರದು. ಫಾರಂ ತುಂಬಬೇಕು. ಮೂವತ್ತು ದಿನದಲ್ಲಿ ಜಮೀನಿಗೆ ಹೋಗಿದ್ದೀರಾ? ಹೋಗುವುದೆಂತ, ಅಲ್ಲೇ ಇರುವುದು. ಕಾಡಿನಲ್ಲಿ ನಡೆದಿದ್ದೀರಾ? ತವರಿಗೆ ದಾರಿಯೇ ಅದು. ಪ್ರಾಣಿಗಳನ್ನು ಮುಟ್ಟಿದ್ದೀರಾ? ಹೊರಡುವ ದಿನ ಹಾಲು ಕರೆದಿದ್ದೆ. ಆಹಾರ ಪದಾರ್ಥ ಇದೆಯೇ? ಕಾಫಿಪುಡಿ ಇದೆ. ಎಲ್ಲದಕ್ಕೂ ಹೌದು ಹೌದು ಎಂದು ಗೀಚಿದೆ. ಅಂಥ ಫಾರಂ ಅವರು ಕಂಡಿರಲಿಲ್ಲವೆಂದು ಕಾಣುತ್ತದೆ, ನೇರ ಮೂಲೆಯ ಮೇಜಿಗೆ ಕಳಿಸಿದರು.

ಅಲ್ಲಿದ್ದವನು ಆಜಾನುಬಾಹು. ಮೊಣಕೈವರೆಗೂ ಹಚ್ಚೆ, ಕೈಗೆ ಹಸಿರು ಕೈಗವಸು, ಮಾತು ಮಾತ್ರ ಹೆರಿಗೆ ಆಸ್ಪತ್ರೆಯ ನರ್ಸಿನಷ್ಟು ಮೃದು. ಗೋಣಿಯ ಹೊಲಿಗೆ ಬಿಚ್ಚಲು ಆತನಿಗೆ ಬಹಳ ಹೊತ್ತು ಹಿಡಿಯಿತು. ನನಗೆ ಒಳಗೊಳಗೇ ಹೆಮ್ಮೆ.

ಅವನು ಮೊದಲ ಜೇಬಿಗೆ ಕೈ ಹಾಕಿದ. ಕಾಫಿಪುಡಿ ಬರಲಿಲ್ಲ, ಏಲಕ್ಕಿ ಬಂತು. ಎರಡನೆಯದರಿಂದ ಕಾಳುಮೆಣಸು. ಮೂರನೆಯದರಿಂದ ಒಂದು ಸೀಸೆ ಜೇನು. ನಾಲ್ಕನೆಯದರಿಂದ ಪ್ಲಾಸ್ಟಿಕ್ ಸುತ್ತಿದ ಮಾವಿನಮಿಡಿ ಉಪ್ಪಿನಕಾಯಿ. ಮಗುವಿನ ಸೀಟಿನಡಿಯಿಂದ ಒಂದು ಮುಷ್ಟಿ ಅಂಟುವಾಳ, ರೂಬಿಯ ತಲೆ ತೊಳೆಯಲು ಇರಬೇಕು. ಗೋಣಿ ಹೊಲಿಯುವ ಮೊದಲು ನಾನು ಸ್ನಾನಕ್ಕೆ ಹೋಗಿದ್ದಾಗ ಅತ್ತೆ ಕೈಚಳಕ ತೋರಿಸಿದ್ದರು. ಕಾಫಿಪುಡಿ ಎಲ್ಲಿ ಹೋಯಿತೆಂದು ಆಮೇಲೆ ಫೋನಿನಲ್ಲಿ ಕೇಳಿದರೆ, "ಜಾಗ ಸಾಲ್ಲಿಲ್ಲ, ತೆಗ್ದೆ. ಕಾಫಿಪುಡಿ ಎಲ್ಲಾ ಕಡೆ ಸಿಗ್ತದೆ" ಎಂದರು. ಕಾಫಿಬೆಳೆಗಾರರ ಮನೆಯ ಮಾತು ಇದು.

ಹಚ್ಚೆಯವನು ನಿಧಾನವಾಗಿ, ಇವ್ಯಾವನ್ನೂ ಒಳಗೆ ಬಿಡುವಂತಿಲ್ಲ, ಹುರಿದ ಕಾಫಿಪುಡಿಯೊಂದಿದ್ದರೆ ಖಂಡಿತ ಬಿಡುತ್ತಿದ್ದೆ ಎಂದ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆಮೇಲೆ ಅವನು ಸೊಂಟದ ಬೆಲ್ಟಿನ ಮಡಿಕೆಯಿಂದ ಚಿಮಟದಲ್ಲಿ ಏನನ್ನೋ ಎತ್ತಿ ಬೆಳಕಿಗೆ ಹಿಡಿದ. ಕಪ್ಪಗೆ, ಒಣಗಿ ಮುರುಟಿದ್ದು.

"ಇಂಬಳ!" ಎಂದು ಅವನಿ ಹಳೇ ಗೆಳತಿ ಸಿಕ್ಕ ಖುಷಿಯಲ್ಲಿ ಕೂಗಿದಳು. ರಕ್ತ ಹೀರುವ ಹುಳ, ನಮ್ಮ ಕಾಡಿನಲ್ಲಿ ಮಾಮೂಲಿ, ಸತ್ತು ಬಹಳ ದಿನವಾಗಿದೆ ಎಂದು ನಾನು ವಿವರಿಸಿದೆ. ಅವನು ಅದನ್ನು ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದು, ಇದನ್ನು ನಾವು ತೊಳೆದುಕೊಡುತ್ತೇವೆ, ಹದಿನೈದು ನಿಮಿಷ ಎಂದು ಬೆನ್ನುತೊಟ್ಟಿಲು ಎತ್ತಿಕೊಂಡು ಒಳಗೆ ಹೋದ.

ವಾಪಸ್ ಬಂದಾಗ ಅದು ಅಂಗಡಿಯಲ್ಲಿ ಹುಟ್ಟಿದ ದಿನದಂತೆ ಹೊಳೆಯುತ್ತಿತ್ತು. ಮೂರು ಮಳೆಗಾಲದ ಹೊಗೆ ಹದಿನೈದು ನಿಮಿಷದಲ್ಲಿ ಹೋಗಿತ್ತು. ಜೇಬುಗಳೆಲ್ಲ ಖಾಲಿ. ಸ್ಕೆಚ್‌ಪೆನ್ನಿನ ಬಣ್ಣವೂ ಹೋಗಿತ್ತು. ಎಡ ಹೆಗಲಿನ ಮೇಲೆ ಶೇಖರನ ಹಳದಿ ಹೂವು ನಗುತ್ತ ಕೂತಿತ್ತು.

ನಾನು ಮೈಮೇಲಿನ ಶಾಲು ತೆಗೆದು ಅದಕ್ಕೆ ಹೊದಿಸಿದೆ. ಹೊರಗೆ ಹೆಲೆನ್ ಕಾಯುತ್ತಿದ್ದಳು. ತಬ್ಬಿಕೊಂಡು, ತಾನು ನೆನಪಿಟ್ಟುಕೊಂಡಿದ್ದ ಏಕೈಕ ಕನ್ನಡವನ್ನು ಹೇಳಿದಳು: "ಊಟ ಆಯ್ತಾ?"

ಹೆಲೆನ್ ಊರು

ಅವರದು ಕುರಿ ಸಾಕುವ ಮನೆ. ಊರು ಎಂದರೆ ಒಂದು ಅಂಗಡಿ, ಒಂದು ಶಾಲೆ, ಉಳಿದದ್ದು ಹುಲ್ಲು. ದಾರಿಯಲ್ಲಿ ಎದುರಾದ ಪ್ರತಿ ಗಾಡಿಯವನೂ ಸ್ಟೇರಿಂಗಿನಿಂದ ಒಂದೇ ಒಂದು ಬೆರಳೆತ್ತಿ ನಮಸ್ಕಾರ ಮಾಡುತ್ತಾನೆ. ನಮ್ಮಲ್ಲಿ ಜೀಪಿನವರು ಎದುರಾದರೆ ರಸ್ತೆ ನಡುವೆಯೇ ನಿಲ್ಲಿಸಿ ಅಡಿಕೆ ಹಂಚಿಕೊಂಡು, ಹಿಂದಿನ ಬಸ್ಸಿನವನು ಹಾರ್ನ್ ಮಾಡಿದರೆ ಅವನಿಗೇ ಬೈಯುತ್ತಾರೆ. ಅಂಗಡಿಗೆ ಜನ ಬರಿಗಾಲಲ್ಲಿ ಬರುತ್ತಾರೆ, ದೊಡ್ಡ ಗಾಡಿ ಇಟ್ಟವರೂ. ನನ್ನ ಹೊಸ ಶೂ ನೋಡಿ ನನಗೇ ನಾಚಿಕೆಯಾಯಿತು. ಮನೆಯ ಬಾಗಿಲಲ್ಲಿ ಮಾತ್ರ ಕೆಸರು ಬೂಟುಗಳ ಸಾಲು, ಅದನ್ನು ಕಂಡು ನಮ್ಮ ತೋಟದ ಕೆಲಸದವರ ಲೈನ್‌ಮನೆಗಳ ಮುಂದಿನ ಚಪ್ಪಲಿ ನೆನಪಾಯಿತು.

ಮೊದಲ ಸಂಜೆ ನಮಗಾಗಿ ಅಕ್ಕಪಕ್ಕದವರನ್ನು ಕರೆದಿದ್ದರು. ಅಕ್ಕಪಕ್ಕ ಎಂದರೆ ಮೂರು ಮೈಲಿ ಆಚೆಯವರು. ಬಂದ ಪ್ರತಿಯೊಬ್ಬರ ಕೈಯಲ್ಲೂ ಬಟ್ಟೆ ಮುಚ್ಚಿದ ಒಂದು ತಟ್ಟೆ. ಅಲ್ಲಿ ಊಟಕ್ಕೆ ಬರಿಗೈಲಿ ಹೋಗುವ ಕ್ರಮವಿಲ್ಲ, ತಲಾ ಒಂದು ತಿನಿಸು ತರಲೇಬೇಕು. ಆ ತಟ್ಟೆಗಳನ್ನು ನೋಡನೋಡುತ್ತ ನನ್ನ ಜೀವ ಹಿಡಿಯಾಯಿತು. ಸಮುದ್ರದಾಚೆಯ ಈ ಕುರಿಯವರಿಗೂ ಗೊತ್ತಿರುವ ಮರ್ಯಾದೆ, ನಾನು ಮಾತ್ರ ಬರೀ ತೊಟ್ಟಿಲು ತಂದವಳು. ಅದೂ ಇಲಿ ತಿಂದದ್ದು.

ಬೆನ್ನುತೊಟ್ಟಿಲು ನಮ್ಮ ಕೋಣೆಯ ಮಂಚದಡಿಯಲ್ಲಿ ಶಾಲು ಹೊದ್ದಿತ್ತು. ಹೆಲೆನ್ ಕೇಳಲಿಲ್ಲ, ಕೇಳಿದರೆ ಅವಸರ ಮಾಡಿದಂತಾಗುತ್ತದೆಂದು. ನಾನು ಕೊಡಲಿಲ್ಲ. ಎರಡು ದಿನ ಹೀಗೇ ಕಳೆಯಿತು. ರೂಬಿ ದುಂಡಗಿನ ಮಗು, ಯಾರು ಎತ್ತಿಕೊಂಡರೂ ಕಿಟಕಿಯ ಕಡೆಗೇ ಕೈ ತೋರಿಸುತ್ತಿತ್ತು. ಕಿಟಕಿಯಾಚೆ ಆ ಗುಡ್ಡ. ಹೆಲೆನ್ ನನ್ನ ಕಡೆ ನೋಡಿದಾಗಲೆಲ್ಲ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ನನ್ನ ಕೈ ಎಡ ಹೆಗಲಿಗೆ ಹೋಗುತ್ತಿತ್ತು.

ಅತ್ತೆಯ ಫೋನು ಬಂತು.

"ಕೊಟ್ಯೇನೇ?"

"ಇಲ್ಲ ಅತ್ತೆ. ನೀವು ಹಾಕಿದ್ದೆಲ್ಲ ಕಸಿದುಕೊಂಡ್ರು. ಬರಿದಾಗಿದೆ."

"ಹಂಗಾದ್ರೆ ಕೊಡ್ಬೇಡ. ಏನಾದ್ರೂ ದಾರಿ ನೋಡು. ಮನೇದೇ ಇರ್ಲಿ ಮತ್ತೆ. ಆಮೇಲೆ, ಇಲಿ ವಿಷ್ಯ ಹೇಳಿದ್ಯಾ?"

"ಇಲ್ಲ."

"ಹೇಳ್ಬಿಡು ಮಾರಾಯ್ತಿ. ಮಗು ಕೂರೋ ಜಾಗದಲ್ಲಿ ಸುಳ್ಳಿರ್ಬಾರ್ದು."

ಉಣ್ಣೆಯ ಶೆಡ್ಡು

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ. ಮೂರನೆಯ ದಿನ ಭಾನುವಾರ, ಆಕಾಶ ತಿಳಿಯಾಗಿತ್ತು. ಹೆಲೆನ್ ರೂಬಿಗೆ ಟೋಪಿ ಕಟ್ಟಿ, ಇವತ್ತು ಗುಡ್ಡ ಎಂದಳು. ನಾನು ಒಳಗೆ ಹೋಗಿ ಬೆನ್ನುತೊಟ್ಟಿಲನ್ನು ಎತ್ತಿಕೊಂಡು ಬಂದು, ಉಣ್ಣೆ ಕತ್ತರಿಸುವ ಶೆಡ್ಡಿನ ಮುಂದೆ ಇಳಿಸಿ, ಶಾಲು ತೆಗೆದೆ. ಹೆಲೆನ್ ಬಗ್ಗಿ ರೂಬಿಯನ್ನು ಸೀಟಿನಲ್ಲಿಳಿಸಲು ಹೋದಳು. ಮಗುವಿನ ಕಾಲು ಸೀಟಿಗೆ ತಾಗುವಷ್ಟರಲ್ಲಿ ನನ್ನ ಬಾಯಿಂದ ಬಂತು.

"ಬೇಡ. ನಿಲ್ಲು. ಎಡ ಪಟ್ಟಿ ನಿಮ್ಮದಲ್ಲ. ಇಲಿ ತಿಂದಿತ್ತು, ತಪ್ಪು ನನ್ನದೇ. ಜೀಪ್ ಸೀಟು ಹೊಲಿಯುವವನ ಹತ್ತಿರ ಮಾಡಿಸಿದೆ. ಗೊತ್ತಾಗಬಾರದೆಂದು ಬಣ್ಣ ಬಳಿದಿದ್ದೆ. ನಿಮ್ಮ ದೇಶದವರು ತೊಳೆದುಬಿಟ್ಟರು."

ಇಂಗ್ಲಿಷಿನಲ್ಲಿ ಇಷ್ಟನ್ನು ಒಂದೇ ಉಸಿರಿಗೆ ಹೇಳಿದೆ. ಹೆಲೆನ್ ಮಗುವನ್ನು ಎದೆಗೆ ಎತ್ತಿಕೊಂಡು ಹಳದಿ ಹೂವನ್ನೇ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಅದು ನನಗೆ ಸಿಟ್ಟಿಗಿಂತ ಹೆಚ್ಚು ನೋವು ಮಾಡಿತು. ನಾನೂ ತಾಯಿ, ನನಗಾದರೂ ಹಾಗೇ ಆಗುತ್ತಿತ್ತು.

ಪೀಟ್ ಮಾತಿನ ಮನುಷ್ಯನಲ್ಲ. ಬೆನ್ನುತೊಟ್ಟಿಲನ್ನು ಶೆಡ್ಡಿನೊಳಗೆ ಒಯ್ದು, ಎರಡೂ ಹೆಗಲುಪಟ್ಟಿಗಳನ್ನು ತೊಲೆಯ ಕೊಕ್ಕೆಗೆ ಸಿಕ್ಕಿಸಿ, ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕಾಲು ಮೇಲೆತ್ತಿ ಜೋತುಬಿದ್ದ. ತೊಂಬತ್ತು ಕಿಲೋದ ಗಂಡಸು ಬಾವಲಿಯ ಹಾಗೆ ನೇತಾಡುವುದನ್ನು ಕಂಡು ಅವನಿ ಮತ್ತು ಟಾಮ್ ಚಪ್ಪಾಳೆ ತಟ್ಟಿದರು. ನಾನು ಕಣ್ಣು ಮುಚ್ಚಿ ಶೇಖರನನ್ನೂ ಅವನ ಮನೆದೇವರನ್ನೂ ನೆನೆದೆ.

ಫಟ್ ಎಂದಿತು. ಪೀಟ್ ಉಣ್ಣೆರಾಶಿಯ ಮೇಲೆ ಅಂಗಾತ ಬಿದ್ದ.

ನಾನು ಕಣ್ಣು ತೆರೆಯುವ ಹೊತ್ತಿಗೆ ಅವನು ಎದ್ದು ಕೂತು ಮೇಲೆ ನೋಡುತ್ತಿದ್ದ. ಹಳದಿ ಹೂವಿನ ಪಟ್ಟಿ ಕೊಕ್ಕೆಯಲ್ಲಿ ಗಟ್ಟಿಯಾಗಿತ್ತು, ಬೆನ್ನುತೊಟ್ಟಿಲು ಅದರಲ್ಲೇ ಜೋತಾಡುತ್ತಿತ್ತು. ಒಡೆದದ್ದು ಬಲಗಡೆಯದು. ಅವರದೇ, ಅಸಲಿ, ಪ್ಲಾಸ್ಟಿಕ್ ಬಕಲ್ಲು. ಹಳತಾಗಿ ಒಳಗೇ ಬಿರುಕು ಬಿಟ್ಟಿತ್ತು, ಹೊರಗೆ ಯಾರಿಗೂ ಕಂಡಿರಲಿಲ್ಲ. ನಾನು ಮೂರು ವರ್ಷ ಅದೇ ಬಕಲ್ಲನ್ನು ನಂಬಿ ಕಳಸದ ಗುಡ್ಡ ಹತ್ತಿದ್ದೆ.

ಪೀಟ್ ಉಣ್ಣೆ ಕೊಡವಿಕೊಳ್ಳುತ್ತ ಕೇಳಿದ್ದು ಒಂದೇ ಪ್ರಶ್ನೆ. ಆ ಜೀಪಿನವನು ಎಲ್ಲಿದ್ದಾನೆ?

"ಮೂಡಿಗೆರೆಯಲ್ಲಿ" ಎಂದೆ. ಆಗ ನೆನಪಾಯಿತು. ಓಡಿಹೋಗಿ ಕೈಚೀಲ ತಂದು ಬೋರಲು ಹಾಕಿದೆ. ಬಿಸ್ಕತ್ತಿನ ಪುಡಿ, ಒಂದು ಕಾಲುಚೀಲ, ಶೇಖರನ ಎರಡನೆಯ ಬಕಲ್ಲು.

ದಾರ ಪೀಟ್ ಕೊಟ್ಟ. ಸೂಜಿ ಬೇಕೆಂದು ಕೈಯಲ್ಲಿ ಗೇಣು ತೋರಿಸಿದರೆ ಅವನು ಗೋಡೆಯಿಂದ ಒಂದನ್ನು ಕಿತ್ತು ಕೊಟ್ಟ. ನೋಡಿದರೆ ದಬ್ಬಳ! ಹಿಂದಿನ ಕಾಲದಲ್ಲಿ ಉಣ್ಣೆಮೂಟೆಯ ಬಾಯಿ ಹೊಲಿಯುತ್ತಿದ್ದದ್ದಂತೆ, ಅವನ ಅಜ್ಜನದು. ನಮ್ಮ ಗೋಡೌನಿನದಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಉಣ್ಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬಲಪಟ್ಟಿಗೆ ಬಕಲ್ಲು ಹೊಲಿದೆ, ಎರಡು ಟಾಕಿಗೊಂದು ಗಂಟು. ಪೀಟ್ ಮತ್ತೆ ಜೋತುಬಿದ್ದ. ಈ ಸಲ ಬೀಳಲಿಲ್ಲ. ಮಕ್ಕಳಿಗೆ ನಿರಾಸೆಯಾಯಿತು.

ಹೆಲೆನ್ ಇನ್ನೂ ರೂಬಿಯನ್ನು ಅಪ್ಪಿಕೊಂಡೇ ಇದ್ದಳು. ನಾನು ಬೆನ್ನುತೊಟ್ಟಿಲನ್ನು ಎದುರಿಗಿಟ್ಟು ಅವನಿಯನ್ನು ಎತ್ತಿ ಕೂರಿಸಿದೆ, ಬೆಲ್ಟು ಬಿಗಿದೆ, ಬೆನ್ನಿಗೇರಿಸಿಕೊಂಡು ಕುರಿಗಳ ನಡುವೆ ಬೇಲಿಯವರೆಗೂ ಹೋಗಿ ಬಂದೆ. ಕುಣಿದೆ ಕೂಡ. ಆಮೇಲೆ ಹೆಲೆನ್ ಮುಂದೆ ಬಗ್ಗಿ, ಅವನಿ ಅದರಲ್ಲಿರುವಾಗಲೇ, ಬೆನ್ನುತೊಟ್ಟಿಲನ್ನು ಕೆಳಗಿಳಿಸಿ ಅವಳ ಕಡೆ ಸರಿಸಿದೆ.

"ನಮ್ಮಲ್ಲಿ ಬರೀ ತೊಟ್ಟಿಲು ಕೊಡಬಾರದು. ತಂದದ್ದನ್ನೆಲ್ಲ ಕಸಿದುಕೊಂಡರು. ಇದೊಂದು ಉಳಿದಿದೆ. ಮನೆಯದ್ದೇ."

ಹೆಲೆನ್ ನನ್ನನ್ನು ನೋಡಿದಳು, ಅವನಿಯನ್ನು ನೋಡಿದಳು. ರೂಬಿಯನ್ನು ಪೀಟ್ ಕೈಗೆ ಕೊಟ್ಟು, ಮಂಡಿಯೂರಿ, ಪಟ್ಟಿಗಳಿಗೆ ತೋಳು ತೂರಿಸಿ ನನ್ನ ಮಗಳನ್ನು ಬೆನ್ನಿಗೇರಿಸಿಕೊಂಡಳು. ಎರಡು ಹೆಜ್ಜೆ, ನಾಲ್ಕು ಹೆಜ್ಜೆ, ಬೇಲಿಯವರೆಗೆ. ತಿರುಗಿ ಬಂದಾಗ ಅವಳ ಕಣ್ಣು ಒದ್ದೆಯಾಗಿತ್ತು, ನನ್ನದೂ. ಅವನಿಯನ್ನು ಇಳಿಸಿ, ಅದೇ ಸೀಟಿನಲ್ಲಿ ರೂಬಿಯನ್ನು ಕೂರಿಸಿ, ಬೆಲ್ಟನ್ನು ತಾನೇ ಬಿಗಿದಳು.

ಗುಡ್ಡ

ಗುಡ್ಡದ ನೆತ್ತಿಯಲ್ಲಿ ಮರವಿಲ್ಲ, ಗಾಳಿ ಮಾತ್ರ. ದೂರದಲ್ಲಿ ಹಿಮದ ಸಾಲು ಕಾಣುತ್ತಿತ್ತು. ಕೊನೆಗೂ ಅದನ್ನು ಕಂಡೆ, ಚೆನ್ನಾಗಿತ್ತು. ಅಲ್ಲಿಂದ ಅತ್ತೆಗೆ ವಿಡಿಯೋ ಕಾಲ್ ಮಾಡಿದೆ. ನಮಗೆ ಮಧ್ಯಾಹ್ನ, ಅವರಿಗೆ ಇನ್ನೂ ಬೆಳಗು ಹರಿಯುತ್ತಿದ್ದ ಹೊತ್ತು, ಬಚ್ಚಲೊಲೆಗೆ ಸೌದೆ ಹಾಕುತ್ತಿದ್ದರು. ಫೋನನ್ನು ಹೆಲೆನ್‌ಳ ಬೆನ್ನಿನ ಕಡೆ ತಿರುಗಿಸಿದೆ. ರೂಬಿ ಬೆನ್ನುತೊಟ್ಟಿಲಿನ ಮಾಡಿನಡಿಯಿಂದ ಇಡೀ ದೇಶವನ್ನು ತನ್ನದೆಂಬಂತೆ ನೋಡುತ್ತಿತ್ತು.

"ತುಂಬ್ಸಿ ಕೊಟ್ಯಾ?"

"ಅವನಿನ ಕೂರಿಸೇ ಕೊಟ್ಟೆ ಅತ್ತೆ."

ಅತ್ತೆ ಮುಖವನ್ನು ಫೋನಿನ ಹತ್ತಿರ ತಂದರು, ಮೂಗು ಮಾತ್ರ ಕಂಡಿತು. "ಅಯ್ಯೋ. ಅವ್ಳನ್ನ ವಾಪಸ್ ಕೊಟ್ರಾ?"

"ಕೊಟ್ರು."

"ಬರಿಗೈಲಾ?"

ಅವನಿಯನ್ನು ತೋರಿಸಿದೆ. ತಲೆಯ ಮೇಲೆ ಟಾಮ್‌ನ ಹಳೆಯ ಉಣ್ಣೆ ಟೋಪಿ, ಹೆಲೆನ್ ಹೊರಡುವಾಗ ತಾನಾಗಿಯೇ ತೊಡಿಸಿದ್ದು. ಎರಡೂ ಮುಷ್ಟಿಯಲ್ಲಿ ಬೇಲಿಮುಳ್ಳಿನಿಂದ ಆರಿಸಿದ ಉಣ್ಣೆ. ಅತ್ತೆ ಬಹಳ ಹೊತ್ತು ನೋಡಿ, "ಹ್ಞೂ, ಮನೆತನಸ್ಥರು" ಎಂದು ತೀರ್ಪು ಕೊಟ್ಟು, ಒಲೆ ಉರಿಯುತ್ತಿದೆ ಎಂದು ಫೋನಿಟ್ಟರು.

ಇಳಿಯುವಾಗ ಹೆಲೆನ್ ಮುಂದೆ, ಅವಳ ಹೆಗಲಿನ ಮೇಲೆ ಮೂಡಿಗೆರೆಯ ಹಳದಿ ಹೂವು. ಅವಳ ಕೈ ಆಗಾಗ ಹಿಂದಕ್ಕೆ ಹೋಗಿ ರೂಬಿಯ ಪಾದವನ್ನು ಮುಟ್ಟಿ ಬರುತ್ತಿತ್ತು. ಅದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ನನ್ನ ಬೆನ್ನು ಹಗುರವಾಗಿತ್ತು. ಮೂರು ದಿನದಿಂದ, ಅಲ್ಲ ಕಳೆದ ವರ್ಷದಿಂದ ಹೊತ್ತಿದ್ದ ಭಾರ ಇಳಿದಿತ್ತು, ಖುಷಿಯಾಗಬೇಕಿತ್ತು. ಆದರೆ ಅಷ್ಟು ಹಗುರ ನನಗೆ ಸೇರಲಿಲ್ಲ. ಇನ್ನು ಆ ಬೆನ್ನುತೊಟ್ಟಿಲು ನನ್ನದಲ್ಲ, ಅದರಲ್ಲಿ ಕೂರುವ ವಯಸ್ಸು ಅವನಿಯದಲ್ಲ.

ಕಡಿದಾದ ಜಾಗವೊಂದು ಬಂತು. ಯೋಚಿಸದೆ, ರೂಢಿಯಿಂದ, ನನ್ನ ಕೈ ಹಿಂದಕ್ಕೆ ಹೋಯಿತು, ಪಾದ ಬೆಚ್ಚಗಿದೆಯೇ ಎಂದು ನೋಡಲು. ಅಲ್ಲಿ ಪಾದವಿರಲಿಲ್ಲ, ಗಾಳಿಯಿತ್ತು. ಕೈ ತೆಗೆಯಬೇಕೆನ್ನುವಷ್ಟರಲ್ಲಿ, ಹಿಂದೆ ತನ್ನ ಕಾಲಲ್ಲೇ ಇಳಿದು ಬರುತ್ತಿದ್ದ ಅವನಿ ಒಂದು ಮುಷ್ಟಿಯ ಉಣ್ಣೆಯನ್ನು ನನ್ನ ಅಂಗೈಗೆ ತುರುಕಿ, ಅದರ ಮೇಲೆ ತನ್ನ ಕೈಯನ್ನೂ ಇಟ್ಟು ಗಟ್ಟಿಯಾಗಿ ಹಿಡಿದುಕೊಂಡಳು.

ಹಿಂದಕ್ಕೆ ಚಾಚಿದ ನನ್ನ ಕೈ ಬರಿದಾಗಿ ವಾಪಸ್ ಬರಲಿಲ್ಲ.